ಕೊಟ್ಟಾರದ ಮಾಳಿಗೆಯಲ್ಲಿ ಹೇಟ್‌ಬ್ರೀಡರ್

ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಫ್ಲೈಓವರ್ ಏಳುವ ಮೊದಲಿನ ಹೆದ್ದಾರಿಯನ್ನು ಬಲ್ಲವರು ಅದಿರು ಲಾರಿಗಳನ್ನು ಮರೆತಿರಲಾರರು. ಅದಿನ್ನೂ ರಾಷ್ಟ್ರೀಯ ಹೆದ್ದಾರಿ 17. ಈಗಿನ 66 ಎಂಬ ನಂಬರು ಬಂದಿರಲಿಲ್ಲ. ಬಳ್ಳಾರಿ ಕಡೆಯಿಂದ ಹೊರಟು ಘಾಟಿ ಇಳಿದ ಲಾರಿಗಳು ಒಂದರ ಹಿಂದೆ ಒಂದು ಕೆಪಿಟಿ, ಕುಂಟಿಕಾನ, ಕೊಟ್ಟಾರ, ಕೂಳೂರು ದಾಟಿ ಪಣಂಬೂರಿನ ಬಂದರಿಗೆ ಹೋಗುತ್ತಿದ್ದವು. ಟಾರ್ಪಾಲಿನ ಅಂಚಿನಿಂದ ಉದುರಿದ ಹುಡಿ ರಸ್ತೆ ಬದಿಯ ತೆಂಗಿನ ಗರಿಗಳಿಗೆಲ್ಲ ಕೆಂಪು ಬಳಿದಿತ್ತು. ರಾತ್ರಿ ಹಗಲೆನ್ನದೆ ಆ ಗುಡುಗು. ಲಾರಿ ಗೇರು ಬದಲಿಸಿದಾಗ ಮನೆಗಳ ಕಿಟಕಿ ಗಾಜು ಜಣಜಣ ಅನ್ನುತ್ತಿತ್ತು.

ಆ ಗುಡುಗಿನ ಮರೆಯಲ್ಲಿ ನಮ್ಮದೊಂದು ಗುಡುಗು ಯಾರ ಗಮನಕ್ಕೂ ಬಾರದೆ ನಡೆದುಹೋಯಿತು. ಚೌಕಿಯಿಂದ ಒಳಕ್ಕೆ ತಿರುಗುವ ಓಣಿಯ ಒಂದು ಹಂಚಿನ ಮನೆ. ಅದರ ಮಾಳಿಗೆ ಕೋಣೆಯಲ್ಲಿ ಒಂದು ಕಂಪ್ಯೂಟರು, ಎರಡು ಸ್ಪೀಕರು, ನೆಲದಲ್ಲಿ ಒಂದು ಸಬ್‌ವೂಫರ್. ಅಲ್ಲಿ ನಾವು ನಾಲ್ವರು ಕೂತು ಕೇಳಿದ್ದು ಫಿನ್ಲೆಂಡಿನ ಐದು ಹುಡುಗರು ಮಾಡಿದ ‘ಹೇಟ್‌ಬ್ರೀಡರ್’ ಎಂಬ ಆಲ್ಬಮನ್ನು. ತಂಡದ ಹೆಸರು ಚಿಲ್ಡ್ರನ್ ಆಫ್ ಬೊಡೊಮ್. ಅವರ ಎರಡನೆಯ ಆಲ್ಬಮ್ ಅದು. 1999ರ ಏಪ್ರಿಲಿನಲ್ಲಿ ಅಲ್ಲಿ ಹೊರಬಂದದ್ದು ಕೊಟ್ಟಾರಕ್ಕೆ ತಲುಪುವಾಗ 2004 ಆಗಿತ್ತು.

ತಲುಪಿದ ಬಗೆಯನ್ನೂ ಹೇಳಬೇಕು. ಮಂಗಳೂರಿನಲ್ಲಿ ಆಗ ಇಂಗ್ಲಿಷ್ ಹಾಡಿನ ಕ್ಯಾಸೆಟ್ಟು, ಸೀಡಿ ಬೇಕಾದವರು ಹಂಪನಕಟ್ಟೆಗೆ ಹೋಗಬೇಕು. ಅಲ್ಲಿ ಐರನ್ ಮೇಡನ್, ಮೆಟಾಲಿಕಾ, ಮೆಗಾಡೆತ್ ತನಕ ಸಿಗುತ್ತಿತ್ತು. ಅದರಿಂದ ಆಚೆಯದ್ದನ್ನು ಕೇಳಿದರೆ ಅಂಗಡಿಯವರು ತಲೆ ಅಲ್ಲಾಡಿಸುತ್ತಿದ್ದರು. ಆಚೆಯದ್ದೆಲ್ಲ ಇದ್ದದ್ದು ಸುರತ್ಕಲ್‌ನ ಎನ್‌ಐಟಿಕೆ ಹಾಸ್ಟೆಲಿನಲ್ಲಿ. ದೇಶದ ಮೂಲೆ ಮೂಲೆಯಿಂದ ಬಂದ ಹುಡುಗರು ತಮ್ಮ ತಮ್ಮ ಊರಿನ ಸಂಗ್ರಹವನ್ನು ಹಾಸ್ಟೆಲಿನ ಒಳಜಾಲಕ್ಕೆ ಹಾಕಿ ಹಂಚಿಕೊಳ್ಳುತ್ತಿದ್ದರು. ಮಾಳಿಗೆ ಕೋಣೆಯ ಗೆಳೆಯನ ದೊಡ್ಡಪ್ಪನ ಮಗ ಅಲ್ಲಿ ಓದುತ್ತಿದ್ದ. ಒಂದು ಭಾನುವಾರ ಊಟಕ್ಕೆ ಬಂದವನು ಮಾರ್ಕರ್ ಪೆನ್ನಿನಿಂದ ‘ಮೆಟಲ್ 3’ ಎಂದು ಬರೆದ ಸೀಡಿಯೊಂದನ್ನು ಮೇಜಿನ ಮೇಲಿಟ್ಟು ಹೋದ. ಅದರೊಳಗಿನ ಹತ್ತಾರು ಫೋಲ್ಡರುಗಳಲ್ಲಿ ಹೇಟ್‌ಬ್ರೀಡರೂ ಒಂದು. ಒಂಬತ್ತು ಹಾಡು, ಒಟ್ಟು ನಲವತ್ತು ನಿಮಿಷ ತುಂಬುವುದಿಲ್ಲ.

ಮೊದಲ ಹಾಡು ‘ವಾರ್‌ಹಾರ್ಟ್’. ಅದರ ಬಾಗಿಲಲ್ಲಿ ‘ಅಮೇಡಿಯಸ್’ ಸಿನಿಮಾದ ಮಾತಿನ ತುಣುಕೊಂದಿದೆ. ಸಾಲಿಯೇರಿ ದೇವರೊಡನೆ ಹಗೆ ಸಾರುವ ಮಾತು. ಅದು ಮುಗಿಯುವುದೇ ತಡ, ಗಿಟಾರು, ಡ್ರಮ್ಸು, ಕೀಬೋರ್ಡು ಒಮ್ಮೆಲೇ ಎದ್ದು ಓಡತೊಡಗುತ್ತವೆ. ಎಲ್ಲೂ ಉಸಿರು ತೆಗೆದುಕೊಳ್ಳುವುದಿಲ್ಲ. ಮೇಲಿಂದ ಒಬ್ಬ ಬೊಬ್ಬೆ ಹೊಡೆಯುತ್ತಾನೆ. ಅವನ ಒಂದು ಪದವೂ ತಿಳಿಯುವುದಿಲ್ಲ. ಹಾಗಿದ್ದೂ ಆ ಬೊಬ್ಬೆಯ ಅಡಿಯಲ್ಲಿ ಗುನುಗಿಕೊಳ್ಳಬಹುದಾದ ರಾಗವೊಂದು ಬಿಡದೆ ಹರಿಯುತ್ತಿರುತ್ತದೆ. ನಾವು ಅಷ್ಟರ ತನಕ ಕೇಳಿದ್ದ ಮೆಟಲ್‌ನಲ್ಲಿ ಒಂದೋ ಭಾರ ಇರುತ್ತಿತ್ತು, ಒಂದೋ ಇಂಪು ಇರುತ್ತಿತ್ತು. ಎರಡೂ ಇಷ್ಟು ವೇಗದಲ್ಲಿ ಒಟ್ಟಿಗೇ ಬರುವುದನ್ನು ಕೇಳಿದ್ದು ಅದೇ ಮೊದಲು. ಹಾಡು ಮುಗಿದಾಗ ಯಾರೂ ಮಾತಾಡಲಿಲ್ಲ. ನಮ್ಮಲ್ಲೊಬ್ಬ, ಕೋಡಿಕಲ್‌ನವ, ಕೈ ಚಾಚಿ ಮೌಸು ಹಿಡಿದು ಅದನ್ನೇ ಪುನಃ ಹಾಕಿದ.

ನಾಲ್ವರೂ ನಾಲ್ಕು ದಿಕ್ಕಿನವರು. ಮನೆಯವನು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹುಡುಗ. ಉರ್ವ ಚರ್ಚಿನ ಕೊಯರಿನಲ್ಲಿ ಹಾಡುತ್ತಿದ್ದ. ಬಹರೈನಿನಲ್ಲಿದ್ದ ಅವನ ಅಪ್ಪ ರಜೆಯಲ್ಲಿ ಬರುವಾಗ ತಂದ ಕ್ಯಾಸಿಯೋ ಕೀಬೋರ್ಡು ಆ ಮಾಳಿಗೆಯ ರಾಜ. ಇನ್ನೊಬ್ಬ ಅಶೋಕನಗರದವ. ಚಿಕ್ಕಂದಿನಿಂದ ಪಿಟೀಲು ಕಲಿತವನು. ಮೂರನೆಯವ ಕೋಡಿಕಲ್‌ನವ. ಅವನ ಮನೆಯ ಗಂಡಸರೆಲ್ಲ ನವರಾತ್ರಿ, ನಮ್ಮ ಮಾರ್ನೆಮಿ, ಬಂತೆಂದರೆ ಹುಲಿವೇಷದ ತಂಡದ ಜೊತೆ ಹೊರಟವರೇ. ಅವನದ್ದು ತಾಸೆ. ನನ್ನ ಕೈಯಲ್ಲಿ ವಾದ್ಯ ಇರಲಿಲ್ಲ. ನನ್ನ ಪಾಲಿಗೆ ಬಂದದ್ದು ಪದಗಳು ಮತ್ತು ಅವುಗಳ ಹಿಂದಿನ ಕತೆ. ನಾವು ಒಟ್ಟಿಗೆ ಸೇರಿದರೆ ತುಳು, ಕನ್ನಡ, ಕೊಂಕಣಿ ಮೂರೂ ಒಂದೇ ವಾಕ್ಯದಲ್ಲಿ ಬಂದುಹೋಗುತ್ತಿದ್ದವು.

ಈ ಆಲ್ಬಮನ್ನು ನಾವು ಯಾರೂ ಒಬ್ಬೊಬ್ಬರೇ ಕೇಳಿ ಅರ್ಥ ಮಾಡಿಕೊಂಡವರಲ್ಲ. ಒಬ್ಬನಿಗೆ ಕೇಳಿಸಿದ್ದನ್ನು ಅವನು ಇನ್ನೊಬ್ಬನಿಗೆ ತೋರಿಸಿಕೊಟ್ಟ. ನಾಲ್ವರ ಕಿವಿ ಸೇರಿ ಅದು ಪೂರ್ತಿಯಾಯಿತು. ಇಷ್ಟು ವರ್ಷಗಳ ಮೇಲೂ ಅದು ನನಗೆ ಅಷ್ಟು ಬೇಕಾದದ್ದಾಗಿ ಉಳಿದಿರುವುದು ಅದಕ್ಕೇ.

ಪಿಟೀಲಿನವನ ಕತೆಯನ್ನೇ ಹೇಳುತ್ತೇನೆ. ಅವನು ಮೊದಮೊದಲು ಸುಮ್ಮನೆ ಕೂತಿರುತ್ತಿದ್ದ. ಬೊಬ್ಬೆ ಅವನಿಗೆ ಹಿಡಿಸಿರಲಿಲ್ಲ. ಒಂದು ಸಂಜೆ, ಹೊರಗೆ ಜೋರು ಮಳೆ, ಗಿಟಾರಿನ ಸೋಲೋ ಒಂದು ಹೋಗುತ್ತಿದ್ದಾಗ ಅವನ ಬೆರಳುಗಳು ಮೊಣಕಾಲಿನ ಮೇಲೆ ಆಡತೊಡಗಿದವು. “ಸ್ವಲ್ಪ ಹಿಂದೆ ಹಾಕು” ಅಂದ. ಹಾಕಿದೆವು. “ಇನ್ನೊಮ್ಮೆ.” ಮತ್ತೆ ಹಾಕಿದೆವು. ಪೆಟ್ಟಿಗೆ ತೆರೆದು ಪಿಟೀಲು ತೆಗೆದ, ಶ್ರುತಿ ಹೊಂದಿಸಿಕೊಂಡ, ಚಕ್ಕಳಮಕ್ಕಳ ಹಾಕಿ ಕೂತು ಆರೋಹಣ ಅವರೋಹಣ ನುಡಿಸಿದ. “ಇದು ಕೀರವಾಣಿ ಮಾರಾಯ!”

ಕೀರವಾಣಿ ಇಪ್ಪತ್ತೊಂದನೆಯ ಮೇಳಕರ್ತ ರಾಗ. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಕೊಯರಿನವ ಕೂಡಲೇ ಕ್ಯಾಸಿಯೋದಲ್ಲಿ ಅದೇ ಸ್ವರಗಳನ್ನು ಒತ್ತಿ, ನಮ್ಮಲ್ಲಿ ಇದಕ್ಕೆ ಹಾರ್ಮೋನಿಕ್ ಮೈನರ್ ಅನ್ನುತ್ತೇವೆ, ಬಾಖ್ ವಿವಾಲ್ಡಿ ಎಲ್ಲರೂ ಇದರಲ್ಲೇ ಓಡಾಡಿದವರು ಅಂದ. ಆಮೇಲೆ ಇಬ್ಬರೂ ಸೇರಿ ನಮಗೆ ವಿವರಿಸಿದರು. ಧೈವತದಿಂದ ನಿಷಾದಕ್ಕೆ ಹೋಗುವಾಗ ನಡುವೆ ಒಂದು ದೊಡ್ಡ ಅಂತರ ಇದೆ, ಬೇರೆ ಸ್ವರಗಳ ನಡುವೆ ಅಷ್ಟು ಅಂತರ ಇಲ್ಲ. ಅದನ್ನು ಹಾರಿ ನಿಷಾದದ ಮೇಲೆ ನಿಂತರೆ ಕಿವಿ ಮೇಲಿನ ಷಡ್ಜಕ್ಕಾಗಿ ಹಂಬಲಿಸುತ್ತದೆ. ಆ ಹಂಬಲವನ್ನು ಎಳೆದು ಎಳೆದು ಆಡಿಸುವುದೇ ತಂಡದ ಹಾಡುಗಾರನೂ ಆದ ಅಲೆಕ್ಸಿ ಲೈಹೋನ ಗಿಟಾರಿನ ಗುಟ್ಟು. ನಮ್ಮ ಸಂಗೀತಗಾರರು ಅದೇ ಜಾಗದಲ್ಲಿ ಗಮಕ ಹಾಕಿ ನಿಧಾನ ಮಾಡುತ್ತಾರೆ. ಲೈಹೋ ಗಮಕ ಬಿಟ್ಟು, ಒಂದೊಂದು ಸ್ವರವನ್ನೂ ಚೂಪಾಗಿ ನಿಲ್ಲಿಸಿ, ಮೂರನೆಯ ಕಾಲದಲ್ಲಿ ಓಡಿಸುತ್ತಾನೆ.

ಆ ದಿನದಿಂದ ಪಿಟೀಲಿನವ ನಮ್ಮೆಲ್ಲರಿಗಿಂತ ದೊಡ್ಡ ಹುಚ್ಚ. ನೂರು ಪುಟದ ಗೆರೆ ಪುಸ್ತಕವೊಂದನ್ನು ತಂದಿಟ್ಟುಕೊಂಡ. ಕಂಪ್ಯೂಟರಿನಲ್ಲಿ ಹಾಡಿನ ವೇಗವನ್ನು ಅರ್ಧಕ್ಕೆ ಇಳಿಸಿ, ಎರಡೆರಡು ಸೆಕೆಂಡಿನ ತುಂಡು ಕೇಳಿ, ಸೋಲೋಗಳನ್ನು ಸ ರಿ ಗ ಮದಲ್ಲಿ ಬರೆದ. ಮೇಲಿನ ಸ್ಥಾಯಿಗೆ ನೆತ್ತಿಯ ಮೇಲೆ ಚುಕ್ಕೆ, ಕೆಳಗಿನದಕ್ಕೆ ಅಡಿಯಲ್ಲಿ ಚುಕ್ಕೆ, ವೇಗಕ್ಕೆ ಅಡಿಗೆರೆ. ಪುಟದ ಎಡಬದಿ ಗಿಟಾರು, ಬಲಬದಿ ಯಾನ್ನೆ ವಿರ್‌ಮಾನನ ಕೀಬೋರ್ಡು. ಗಿಟಾರು ಒಂದು ಸಾಲು ಹೇಳಿದರೆ ಕೀಬೋರ್ಡು ಅದಕ್ಕೆ ಉತ್ತರ ಕೊಡುವ ಜಾಗಗಳಲ್ಲಿ ಎಡದಿಂದ ಬಲಕ್ಕೆ ಒಂದು ಬಾಣ. ಮುಂದೆ ಎರಡೂ ಕೂಡಿ ಒಂದೇ ಸಾಲಿನಲ್ಲಿ ಸ್ವರ ತಪ್ಪದೆ ಒಟ್ಟಿಗೆ ಓಡುವಲ್ಲಿ ಎರಡು ಬದಿಗೂ ಸೇರಿಸಿ ಒಂದು ಆವರಣ. ತನಿ ಆವರ್ತನದಲ್ಲಿ ಮೃದಂಗ, ಘಟಗಳ ಸವಾಲು ಜವಾಬು ಕೇಳಿ ಬೆಳೆದವನಿಗೆ ಆ ಲೆಕ್ಕ ಬೇಗ ಹಿಡಿಸಿತು. ಡೆತ್ ಮೆಟಲ್‌ನ ಒಂದು ಆಲ್ಬಮನ್ನು ಕನ್ನಡದ ಸ್ವರಲಿಪಿಯಲ್ಲಿ ಬರೆದಿಟ್ಟವರು ಬೇರೆ ಯಾರಾದರೂ ಇದ್ದಾರೋ ಗೊತ್ತಿಲ್ಲ. ಇದ್ದರೆ ಅವರನ್ನು ಕಾಣುವ ಆಸೆ ನನಗಿದೆ.

ಕೋಡಿಕಲ್‌ನವನ ಕಿವಿ ಬೇರೆ ಕಡೆ ಇತ್ತು. ಹುಲಿವೇಷ ನೋಡಿದವರಿಗೆ ತಾಸೆ ಗೊತ್ತು: ಕುತ್ತಿಗೆಯಿಂದ ನೇತಾಡುವ ಚಪ್ಪಟೆ ವಾದ್ಯ, ಎರಡು ತೆಳು ಕೋಲು. ಹುಲಿ ಕುಣಿಯುವಷ್ಟು ಹೊತ್ತೂ ಕೋಲು ನಿಲ್ಲುವಂತಿಲ್ಲ. ಮಂಗಳಾದೇವಿಯಿಂದಲೋ ಕುದ್ರೋಳಿಯಿಂದಲೋ ಹೊರಟ ಮೆರವಣಿಗೆ ಗಂಟೆಗಟ್ಟಲೆ ನಡೆದರೂ ತಾಸೆಯವನ ಮಣಿಕಟ್ಟು ಸಡಿಲವಾಗಬಾರದು. ಅವನು ಯಾಸ್ಕಾ ರಾಟಿಕೈನೆನ್‌ನ ಡ್ರಮ್ಸ್ ಕೇಳಿ ಮೊದಲ ದಿನವೇ ಹೇಳಿದ್ದು: “ಇವ ಕಾಲಲ್ಲಿ ತಾಸೆ ಬಡಿಯುತ್ತಾನೆ.”

ನಿಜವೇ. ನಮ್ಮಲ್ಲಿ ಕೈಯ ಕೋಲುಗಳು ಬಿಡದೆ ಉರುಳುತ್ತವೆ, ಜೊತೆಯ ಡೋಲು ಭಾರದ ಪೆಟ್ಟು ಕೊಟ್ಟು ಹೆಜ್ಜೆ ಎಲ್ಲಿ ಬೀಳಬೇಕೆಂದು ತೋರಿಸುತ್ತದೆ. ಅಲ್ಲಿ ಆ ಬಿಡದ ಉರುಳು ಕಾಲಿಗೆ ಇಳಿದಿದೆ. ದೊಡ್ಡ ಡ್ರಮ್ಮಿಗೆ ಎರಡು ಪೆಡಲು, ಎರಡು ಪಾದಗಳೂ ಒಂದೇ ಸಮ ಓಡುತ್ತವೆ. ಕೈ ಮೇಲೆ ಸ್ನೇರ್ ಬಡಿದು ಹೆಜ್ಜೆ ತೋರಿಸುತ್ತದೆ. ಇದನ್ನು ಅವನು ಬಾಯಲ್ಲಿ ಹೇಳಿ ಬಿಡಲಿಲ್ಲ. ಮನೆಯಿಂದ ತಾಸೆ ತಂದು, ಸ್ಪೀಕರಿನ ಎದುರು ನಿಂತು, ‘ಸೈಲೆಂಟ್ ನೈಟ್, ಬೊಡೊಮ್ ನೈಟ್’ ಹಾಡಿಗೆ ಸರಿಯಾಗಿ ಬಾರಿಸಿ ತೋರಿಸಿದ. ಕೋಲಿನ ತುದಿ ಕಣ್ಣಿಗೆ ಕಾಣುತ್ತಿರಲಿಲ್ಲ. ಹಂಚಿನ ಸಂದಿಯಿಂದ ಧೂಳು ಇಳಿಯಿತು. ಕೆಳಗಿನ ಓಣಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿ, “ಮಾರ್ನೆಮಿಗೆ ಇನ್ನೂ ಮೂರು ತಿಂಗಳುಂಟಲ್ಲ ಮಕ್ಕಳೇ?” ಎಂದು ಕೇಳಿ ಮುಂದೆ ಹೋದರು.

ಮನೆಯ ಅಮ್ಮನನ್ನು ನಾವೆಲ್ಲ ಆಂಟಿ ಅನ್ನುತ್ತಿದ್ದೆವು. ಆ ಮನೆಯಲ್ಲಿ ಒಂದೇ ಕಟ್ಟುಪಾಡು. ಸಂಜೆ ಏಳಕ್ಕೆ ಕೆಳಗೆ ತೇರ್ಸ್ ಪ್ರಾರ್ಥನೆ, ಅಷ್ಟರೊಳಗೆ ಮಾಳಿಗೆಯ ಸದ್ದು ನಿಲ್ಲಬೇಕು. ನಿಲ್ಲಿಸುತ್ತಿದ್ದೆವು. ಪ್ರಾರ್ಥನೆ ಮುಗಿದ ಮೇಲೆ ಅವರು ಬಿಸ್ಕುಟಂಬಡೆಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ನಮ್ಮ ಹಾಡಿನ ಬಗ್ಗೆ ಅವರು ಒಂದು ದಿನವೂ ಕೆಟ್ಟ ಮಾತು ಆಡಲಿಲ್ಲ. ಅವರಿಗೆ ಇದ್ದದ್ದು ಒಂದೇ ಚಿಂತೆ. “ಪುತಾ, ಇಷ್ಟು ಬೊಬ್ಬೆ ಹೊಡೆದರೆ ಆ ಹುಡುಗನ ಗಂಟಲು ಏನಾಗಬೇಕು? ಅವನ ಅಮ್ಮ ಜೀರಿಗೆ ಕಷಾಯ ಮಾಡಿಕೊಡುತ್ತಾಳೋ ಇಲ್ಲವೋ.” ಸಾವಿರಾರು ಮೈಲಿ ದೂರದವನಾದರೇನು, ಗೋಡೆಗೆ ಅಂಟಿಸಿದ ಪ್ರಿಂಟಿನಲ್ಲಿದ್ದ ಆ ಉದ್ದಗೂದಲಿನ ಹುಡುಗ ಅವರ ಕಣ್ಣಿಗೆ ನಮ್ಮ ವಯಸ್ಸಿನ ಇನ್ನೊಬ್ಬ ಮಗ. ವಯಸ್ಸಿನ ವಿಷಯದಲ್ಲಿ ಅವರ ಎಣಿಕೆ ಸರಿಯೇ. ಲೈಹೋ ಹುಟ್ಟಿದ್ದು 1979ರ ಏಪ್ರಿಲಿನಲ್ಲಿ. ಆಲ್ಬಮ್ ಹೊರಬಂದಾಗ ಅವನಿಗೆ ಆಗಷ್ಟೇ ಇಪ್ಪತ್ತು ತುಂಬಿತ್ತು. ಅದನ್ನು ಕೇಳುವಾಗ ನಾವೂ ಸುಮಾರು ಅದೇ ವಯಸ್ಸಿನವರು. ಇಪ್ಪತ್ತರ ಹುಡುಗ ಇಷ್ಟು ಮಾಡಬಲ್ಲ ಎಂಬುದು ನಮಗೆ ಆಗ ಕೊಟ್ಟ ಧೈರ್ಯ ಸಣ್ಣದಲ್ಲ.

ಪದಗಳ ಕೆಲಸ ನನ್ನದು ಅಂದೆನಲ್ಲ. ಉರ್ವಸ್ಟೋರಿನ ಸೈಬರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಹಾಡುಗಳ ಸಾಹಿತ್ಯ ಹುಡುಕಿ, ಪ್ರಿಂಟು ತೆಗೆದು ತರುತ್ತಿದ್ದೆ. ಬಣ್ಣದ ಪ್ರಿಂಟಿಗೆ ಜಾಸ್ತಿ ಆದರೂ ಮುಖಪುಟವನ್ನು ಬಣ್ಣದಲ್ಲೇ ತೆಗೆಸಿದೆ. ಹಸಿರು ಬೆಳಕಿನಲ್ಲಿ ಕುಡುಗೋಲು ಹಿಡಿದು ನಿಂತ ಮುಸುಕಿನ ಮೃತ್ಯು. ಆ ತಂಡದ ಹಿಂದಿನ ಮುಂದಿನ ಆಲ್ಬಮುಗಳ ಮೇಲೂ ಅವನೇ ಇರುತ್ತಾನೆ, ಬಣ್ಣ ಮಾತ್ರ ಬೇರೆ. ಆ ಸೈಬರಿನಲ್ಲೇ ತಂಡದ ಕತೆಯೂ ಸಿಕ್ಕಿತು. ಹೆಲ್ಸಿಂಕಿಯ ಪಕ್ಕದ ಎಸ್ಪೂ ಊರಿನಲ್ಲಿ ಲೈಹೋ ಮತ್ತು ರಾಟಿಕೈನೆನ್ 1993ರಲ್ಲೇ ಇನರ್ಥ್ಡ್ ಎಂಬ ಹೆಸರಿನಲ್ಲಿ ತಂಡ ಕಟ್ಟಿದ್ದರು. ಬೆಲ್ಜಿಯಮಿನ ಸಣ್ಣ ಸಂಸ್ಥೆಯೊಂದಕ್ಕೆ ಸಹಿ ಹಾಕಿಯಾಗಿತ್ತು. ಅಷ್ಟರಲ್ಲಿ ತಮ್ಮದೇ ದೇಶದ ಸ್ಪೈನ್‌ಫಾರ್ಮ್ ಕರೆಯಿತು. ಹಳೆ ಕರಾರಿನಿಂದ ಬಿಡಿಸಿಕೊಳ್ಳಲು ಹೆಸರನ್ನೇ ಬದಲಿಸಬೇಕಾಯಿತು. ಟೆಲಿಫೋನ್ ಡೈರೆಕ್ಟರಿ ಮಗುಚುವಾಗ ಕಣ್ಣಿಗೆ ಬಿದ್ದದ್ದು ತಮ್ಮ ಊರಿನ ಬೊಡೊಮ್ ಕೆರೆ.

ಆ ಕೆರೆಯ ಹೆಸರು ಫಿನ್ಲೆಂಡಿನಲ್ಲಿ ಎಲ್ಲರಿಗೂ ಗೊತ್ತು. 1960ರ ಜೂನ್ 5ರ ಬೆಳಗಿನ ಜಾವ ಅದರ ದಂಡೆಯಲ್ಲಿ ಡೇರೆ ಹಾಕಿ ಮಲಗಿದ್ದ ನಾಲ್ವರು ಹದಿಹರೆಯದವರ ಮೇಲೆ ದಾಳಿ ಆಯಿತು. ಮೂವರು ಸತ್ತರು, ಒಬ್ಬ ಉಳಿದ. ಕೊಂದವರು ಯಾರು ಎಂದು ತಿಳಿಯಲೇ ಇಲ್ಲ. ನಾವು ಈ ಕತೆ ಓದಿ ಮೈ ಜುಂ ಎನಿಸಿಕೊಳ್ಳುತ್ತಿದ್ದ ಕಾಲಕ್ಕೇ ಸರಿಯಾಗಿ ಅಲ್ಲಿನ ಪೊಲೀಸರು ಆ ಉಳಿದವನನ್ನೇ ನಲವತ್ತನಾಲ್ಕು ವರ್ಷಗಳ ಮೇಲೆ ಬಂಧಿಸಿದರು. 2005ರಲ್ಲಿ ವಿಚಾರಣೆ. ಕೊಟ್ಟಾರದ ನಾಲ್ವರು ಹುಡುಗರು ಫಿನ್ಲೆಂಡಿನ ಕೋರ್ಟಿನ ಸುದ್ದಿಯನ್ನು ವಾರವಾರ ಕಾಯುತ್ತಿದ್ದೆವು. ನಾನು ಸೈಬರಿನಿಂದ ಬಂದು ಮೆಟ್ಟಿಲು ಹತ್ತುವಾಗಲೇ ಮೇಲಿಂದ “ಎಂತಾಯಿತು?” ಎಂಬ ಕೂಗು. ಅಕ್ಟೋಬರಿನಲ್ಲಿ ಕೋರ್ಟು ಅವನನ್ನು ನಿರ್ದೋಷಿ ಎಂದು ಬಿಟ್ಟಿತು. ಆ ದಿನ ನಾವು ತಂಡದ ಹೆಸರಿನದ್ದೇ ಹಾಡನ್ನು ಹಾಕಲಿಲ್ಲ. ಸತ್ತ ಮೂವರೂ ನಮ್ಮಂಥ ಮಕ್ಕಳೇ ಆಗಿದ್ದರು ಎಂದು ಪಿಟೀಲಿನವ ಹೇಳಿದ ಮೇಲೆ ಯಾರಿಗೂ ಮನಸ್ಸಾಗಲಿಲ್ಲ.

ಎರಡನೆಯ ಆಲ್ಬಮ್ ಎಂಬುದರ ಮೇಲೆ ನನಗೊಂದು ವಿಶೇಷ ಪ್ರೀತಿ ಬೆಳೆದದ್ದೂ ಆ ಕಾಲದಲ್ಲೇ. ‘ಮೆಟಲ್ 3’ ಸೀಡಿಯಿಂದ ಶುರುವಾದ ಹುಡುಕಾಟ ನಮ್ಮನ್ನು ಸ್ವೀಡನ್ನಿಗೆ ಒಯ್ದಿತು. ಅಲ್ಲಿನ ಗೋಥೆನ್‌ಬರ್ಗ್ ಊರಿನ ಹುಡುಗರು ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಡೆತ್ ಮೆಟಲ್‌ನ ಭಾರಕ್ಕೆ ಐರನ್ ಮೇಡನ್ ಬಗೆಯ ಜೋಡಿ ಗಿಟಾರಿನ ಇಂಪನ್ನು ಕೂಡಿಸಿದವರು. ಡಾರ್ಕ್ ಟ್ರ್ಯಾಂಕ್ವಿಲಿಟಿಯ ‘ದ ಗ್ಯಾಲರಿ’ 1995ರದ್ದು, ಇನ್ ಫ್ಲೇಮ್ಸ್‌ನ ‘ದ ಜೆಸ್ಟರ್ ರೇಸ್’ 1996ರದ್ದು. ಡಿಸೆಕ್ಷನ್ ತಂಡದ ‘ಸ್ಟಾರ್ಮ್ ಆಫ್ ದ ಲೈಟ್ಸ್ ಬೇನ್’ ಕೂಡ 1995ರದ್ದೇ. ಮೂರೂ ಆಯಾ ತಂಡಗಳ ಎರಡನೆಯ ಆಲ್ಬಮುಗಳು. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಮೊದಲ ಆಲ್ಬಮಿಗೆ ಹುಡುಗರು ಅಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಸುರಿಯುತ್ತಾರೆ. ಬೇಕಾದದ್ದು ಬೇಡದ್ದು ಎಲ್ಲ ಅಲ್ಲಿರುತ್ತದೆ. ಎರಡನೆಯದಕ್ಕೆ ಬರುವಾಗ ಕೈ ಪಳಗಿದೆ, ಹಸಿವು ಇನ್ನೂ ಹೋಗಿಲ್ಲ. ಚಿಲ್ಡ್ರನ್ ಆಫ್ ಬೊಡೊಮ್‌ನ ಮೊದಲ ಆಲ್ಬಮ್ ‘ಸಮ್‌ಥಿಂಗ್ ವೈಲ್ಡ್’ 1997ರಲ್ಲಿ ಬಂತು. ಅದರಲ್ಲಿ ಒಂದು ಹಾಡಿನೊಳಗೆ ನಾಲ್ಕು ಹಾಡಿಗಾಗುವಷ್ಟು ಸರಕು ತುರುಕಿದ್ದಾರೆ. ಒಂದೂವರೆ ವರ್ಷದಲ್ಲಿ ಅದೇ ಹುಡುಗರು ಲಾಪ್ಪೇನ್‌ರಾಂತಾದ ಆಸ್ಟಿಯಾ ಸ್ಟುಡಿಯೋಗೆ, ಅದೇ ಅನ್ಸಿ ಕಿಪ್ಪೋ ಬಳಿಗೆ ಮರಳಿ ಹೋಗಿ ಕೂತಾಗ ಎಲ್ಲಿ ನಿಲ್ಲಬೇಕೆಂದು ಅವರಿಗೆ ತಿಳಿದಿತ್ತು. ‘ಬೆಡ್ ಆಫ್ ರೇಜರ್ಸ್’ ಕೇಳಿ ನೋಡಿ. ಒಂದೇ ರಾಗದ ಎಳೆ ಮೊದಲಿನಿಂದ ಕಡೆಯ ತನಕ ಕೈ ಬಿಡುವುದಿಲ್ಲ. ಕೊನೆಯ ‘ಡೌನ್‌ಫಾಲ್’ ಬರುವಾಗ ಕೇಳುವವನ ಉಸಿರು ಕಟ್ಟಿರುತ್ತದೆ, ಅವರದ್ದು ಕಟ್ಟಿರುವುದಿಲ್ಲ.

ಮಳೆಗಾಲದಲ್ಲಿ ಚೌಕಿ ಮುಳುಗುವ ದಿನಗಳಿದ್ದವು. ಈಗಲೂ ಮುಳುಗುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಆಗ ಬಸ್ಸು ನಿಂತು, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬಂದವರೆಲ್ಲ ಲೇಡಿಹಿಲ್‌ನಲ್ಲೇ ಇಳಿದು ಪ್ಯಾಂಟು ಮಡಚಿ ನಡೆಯಬೇಕು. ಅಂಥ ದಿನ ಮಾಳಿಗೆಗೆ ತಲುಪಿದವರು ರಾತ್ರಿ ಅಲ್ಲೇ ಉಳಿದರು ಎಂದೇ ಲೆಕ್ಕ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಪಿಟೀಲಿನವನಿಗೆ ಬೇರೆ ತಟ್ಟೆಯಲ್ಲಿ ಮಾವಿನ ಉಪ್ಪಿನಕಾಯಿ. ಕರೆಂಟು ಹೋದರೆ ಕಂಪ್ಯೂಟರಿಲ್ಲ. ಆಗ ಆಲ್ಬಮನ್ನು ನಾವೇ ನುಡಿಸುತ್ತಿದ್ದೆವು. ಕ್ಯಾಸಿಯೋಗೆ ಬ್ಯಾಟರಿ ಇತ್ತು. ಪಿಟೀಲು ಲೈಹೋನ ಪಾಲು ಹಿಡಿಯಿತು. ತಾಸೆ ಇಲ್ಲದಾಗ ಟ್ರಂಕು. ನಾನು ಪ್ರಿಂಟು ಹಾಳೆಯನ್ನು ಮೇಣದ ಬತ್ತಿಗೆ ಹಿಡಿದು ಪದ ಹೇಳಿಕೊಡುತ್ತಿದ್ದೆ. ಕೊಯರಿನವ ಅದನ್ನು ಚರ್ಚಿನ ದನಿಯಲ್ಲೇ, ಬೊಬ್ಬೆ ಇಲ್ಲದೆ ಹಾಡುತ್ತಿದ್ದ. ಹಾಗೆ ಕೇಳಿದರೆ ಆ ಹಾಡುಗಳಲ್ಲಿ ಎಷ್ಟು ದುಃಖ ಇದೆ ಎಂಬುದು ತಿಳಿಯುತ್ತಿತ್ತು. ವೇಗವೂ ಭಾರವೂ ಆ ದುಃಖವನ್ನು ಹೊತ್ತು ಓಡುವುದಕ್ಕೇ ಬಂದವೆಂದು ನಾನು ನಂಬಿದ್ದು ಆ ಕತ್ತಲೆಯಲ್ಲಿ.

2007ರ ಮಾರ್ಚ್ 17, ಶನಿವಾರ. ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಮಂಗಳೂರಿನಿಂದ ಬೆಂಗಳೂರಿಗೆ ಆಗ ರೈಲು ಇರಲಿಲ್ಲ. ಹಳಿ ಬದಲಿಸುವ ಕೆಲಸಕ್ಕೆಂದು ವರ್ಷಗಟ್ಟಲೆ ನಿಂತಿದ್ದ ಪ್ರಯಾಣಿಕರ ರೈಲು ಮತ್ತೆ ಹೊರಟದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ರಾತ್ರಿ ಬಸ್ಸಿನಲ್ಲಿ, ಅದಿರು ಲಾರಿಗಳು ಅಗೆದು ಹಾಕಿದ್ದ ಶಿರಾಡಿ ಘಾಟಿಯ ಹೊಂಡಗಳಲ್ಲಿ ಎದ್ದು ಬಿದ್ದು ನಾಲ್ವರೂ ಹೋದೆವು. ಮೈದಾನದ ಹೊರಗಿನ ಸಾಲಿನಲ್ಲಿ ಕಪ್ಪು ಟೀಶರ್ಟಿನ ಸಾವಿರಾರು ಹುಡುಗರು. ಗುವಾಹಟಿಯವರು, ಚೆನ್ನೈಯವರು, ಹುಬ್ಬಳ್ಳಿಯವರು. ಅಷ್ಟರ ತನಕ ಈ ಸಂಗೀತ ಕೇಳುವವರು ಒಂದು ಮಾಳಿಗೆಯಷ್ಟು ಜನ ಎಂಬುದೇ ನಮ್ಮ ಅಂದಾಜು. ಸಾಲಿನಲ್ಲಿ ನಮ್ಮ ಮುಂದೆ ಹಸಿರು ಚಿತ್ರದ ಹೇಟ್‌ಬ್ರೀಡರ್ ಟೀಶರ್ಟು ಹಾಕಿದವನೊಬ್ಬ ನಿಂತಿದ್ದ. ಹಾಸನದವ. ಬಾಗಿಲು ತೆರೆಯುವ ತನಕ ಐವರದ್ದೂ ಅದೇ ಮಾತು. ಅವನಿಗೂ ನಮ್ಮ ಪುಸ್ತಕ ತೋರಿಸಬೇಕು ಎಂದು ಪಿಟೀಲಿನವ ಚೀಲ ತೆರೆದ. ಅದನ್ನು ಅವನು ಬೆಂಗಳೂರಿಗೂ ತಂದಿದ್ದ!

ಅದಾದ ಮೇಲೆ ಚದುರಿದೆವು. ಕೊಯರಿನವ ಅಪ್ಪನ ಹಿಂದೆ ಬಹರೈನಿಗೆ, ಅಲ್ಲಿಂದ ಕುವೈತಿಗೆ. ಪಿಟೀಲಿನವ ಪುಣೆಗೆ. ನಾನು ಬೆಂಗಳೂರಿಗೆ. ಕೋಡಿಕಲ್‌ನವ ಊರಲ್ಲೇ ಉಳಿದ, ಈಗ ಅವನದ್ದೇ ತಾಸೆಯ ತಂಡ ಇದೆ.

ಬೆಂಗಳೂರಿನ ಮೊದಲ ವರ್ಷಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೂ ಒಂದು ಎರಡನೆಯ ಆಲ್ಬಮೇ. 1998ರಲ್ಲಿ ಅಲ್ಲೇ ಹುಟ್ಟಿದ ಕ್ರಿಪ್ಟೋಸ್ ತಂಡದ ‘ದ ಆರ್ಕ್ ಆಫ್ ಜೆಮಿನೈ’, 2008ರದ್ದು. ಎಂಬತ್ತರ ದಶಕದ ಜೋಡಿ ಗಿಟಾರು, ಅದರ ಮೇಲೆ ಒರಟು ದನಿ. ವೇಗದಲ್ಲಿ ಫಿನ್ಲೆಂಡಿನವರಷ್ಟಿಲ್ಲ, ಆದರೆ ನಮ್ಮ ಮಣ್ಣಿನ ಹುಡುಗರು ತಮ್ಮದೇ ದಾರಿ ಕಂಡುಕೊಂಡ ಗಟ್ಟಿತನ ಅದರಲ್ಲಿತ್ತು. ಅದನ್ನು ಕೇಳಿದ ಕೂಡಲೇ ಮೂರು ಊರಿಗೆ ಫೋನು ಮಾಡಿದೆ. ಕ್ರಿಪ್ಟೋಸ್ ಮುಂದೆ ಯುರೋಪಿನ ಪ್ರವಾಸ ಮಾಡಿತು, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಆ ಸುದ್ದಿ ಓದಿದ ದಿನ ನಮ್ಮ ಮನೆಯವರೇ ಹೋಗಿಬಂದಷ್ಟು ಸಂತೋಷಪಟ್ಟೆವು.

ಚಿಲ್ಡ್ರನ್ ಆಫ್ ಬೊಡೊಮ್ ಕೊನೆಯ ಬಾರಿಗೆ ವೇದಿಕೆ ಹತ್ತಿದ್ದು 2019ರ ಡಿಸೆಂಬರ್ 15ರಂದು, ಹೆಲ್ಸಿಂಕಿಯಲ್ಲಿ. ವರ್ಷ ಕಳೆದು, 2021ರ ಜನವರಿ 4ರಂದು, ಲೈಹೋ ಹಿಂದಿನ ವಾರವೇ ತೀರಿಕೊಂಡ ಸುದ್ದಿ ಬಂತು. 41 ವರ್ಷ. ಕೊರೊನಾ ಕಾಲ, ಎಲ್ಲರೂ ಮನೆಯೊಳಗೆ. ವಾಟ್ಸಾಪಿನಲ್ಲಿ ಮೊದಲು ಬರೆದವ ಕೋಡಿಕಲ್‌ನವ. ಬರೆಯಲೂ ಇಲ್ಲ, ತಾಸೆ ಬಾರಿಸಿ ಕಳಿಸಿದ. ಪುಣೆಯಿಂದ ಪಿಟೀಲು ಬಂತು, ಹಳೆ ಪುಸ್ತಕದ ಒಂದು ಪುಟದ ಫೋಟೋ ಜೊತೆಗೆ. ಚುಕ್ಕೆಗಳ ಶಾಯಿ ಕದಡಿತ್ತು, ಬಾಣಗಳು ಸ್ಪಷ್ಟ ಇದ್ದವು. ಕುವೈತಿನವ ಅಮ್ಮನಿಗೆ ಫೋನು ಮಾಡಿ ಹೇಳಿದನಂತೆ. ಕೊಟ್ಟಾರದ ಆ ಮನೆಯಲ್ಲಿ ಆಂಟಿ ಅಂದು ತೇರ್ಸ್‌ನಲ್ಲಿ ಆ ಹುಡುಗನ ಹೆಸರನ್ನೂ ಸೇರಿಸಿ ಪ್ರಾರ್ಥಿಸಿದರು.

ನಮ್ಮೊಳಗೆ ಇನ್ನೂ ಇತ್ಯರ್ಥವಾಗದ ಜಗಳವೊಂದು ಉಳಿದಿದೆ. 2000ದಲ್ಲಿ ಬಂದ ಅವರ ಮೂರನೆಯ ಆಲ್ಬಮ್ ‘ಫಾಲೋ ದ ರೀಪರ್’ ಹೇಟ್‌ಬ್ರೀಡರ್‌ಗಿಂತ ಮೇಲು ಎಂಬುದು ಕುವೈತಿನವನ ಪಕ್ಷ. ಧ್ವನಿ ಶುದ್ಧ, ಕೀಬೋರ್ಡು ಚೆನ್ನಾಗಿ ಕೇಳಿಸುತ್ತದೆ ಅನ್ನುತ್ತಾನೆ. ಕೀಬೋರ್ಡಿನವನಿಗೆ ಹಾಗೆ ಅನ್ನಿಸುವುದು ಸಹಜ. ಅದರ ಧ್ವನಿ ಶುದ್ಧ ಎಂದು ನಾನೂ ಒಪ್ಪುತ್ತೇನೆ. ಆದರೆ ಎರಡನೆಯದರಲ್ಲಿ ಗಿಟಾರೂ ಕೀಬೋರ್ಡೂ ಒಂದನ್ನೊಂದು ಹಿಂದೆ ಹಾಕಲು ಓಡುವಾಗ ಯಾರು ಗೆಲ್ಲುತ್ತಾರೆಂದು ಅವರಿಗೇ ತಿಳಿಯದ ಒಂದು ಬಿಸಿ ಇದೆ, ಮೂರನೆಯದರಲ್ಲಿ ಅದು ತಣಿದಿದೆ. ಈ ಸಲ ಕ್ರಿಸ್ಮಸ್ಸಿಗೆ ಕುವೈತಿನವ ಊರಿಗೆ ಬರುತ್ತಾನೆ, ಪುಣೆಯವನೂ ರಜೆ ಹಾಕಿದ್ದಾನೆ. ಮಾಳಿಗೆಯ ಕೋಣೆ ಖಾಲಿ ಮಾಡಿಸಿ ಇಟ್ಟಿದ್ದೇನೆ ಎಂದು ಆಂಟಿ ಹೇಳಿ ಕಳಿಸಿದ್ದಾರೆ. ಎರಡೂ ಆಲ್ಬಮ್ ಹಾಕಿ ಒಂದು ತೀರ್ಮಾನ ಮಾಡುವುದೆಂದು ಮಾತಾಗಿದೆ. ಕೋಡಿಕಲ್‌ನವ ನನ್ನ ಪಕ್ಷ.